ಅವಲಕ್ಕಿಯನ್ನು ಬೆಳಕಿಗೆ ಹಿಡಿದವಳು

ಒಬ್ಬಳು ಹುಡುಗಿ ಇದ್ದಳಂತೆ. ಒಂದೊಂದೇ ಅವಲಕ್ಕಿ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಆಮೇಲೆ ಬಾಯಿಗೆ ಹಾಕ್ಕೊಳ್ಳೋಳಂತೆ. ಯಾವ ಕಾಲದಲ್ಲಿ ಅಂತೀಯಾ? ಹೊಳೆಗೆ ಸೇತುವೆ ಇಲ್ಲದ, ಹರಿಗೋಲಲ್ಲೇ ದಾಟಬೇಕಾಗಿದ್ದ ಕಾಲದಲ್ಲಿ. ಹ್ಞೂಂ ಅನ್ನು ಮಗಾ, ನೀನು ಹ್ಞೂಂ ಅನ್ನದಿದ್ರೆ ಕತೆ ಮುಂದಕ್ಕೆ ಹೋಗಲ್ಲ. ಹಾಂ, ಹಂಗೆ.

ಅವಳ ಹೆಸರು ಚೆಲುವಿ. ಅಪ್ಪ ಬೋರಣ್ಣ ಹರಿಗೋಲು ಹಾಕೋನು, ಅವ್ವ ಲಕ್ಕವ್ವ, ಜೊತೆಗೆ ಒಬ್ಬಳು ಅಜ್ಜಿ. ಚೆಲುವಿ ತಿಂತಿದ್ದದ್ದು ಒಣ ಅವಲಕ್ಕಿ ಒಂದೇ. ಅನ್ನ ಕಂಡ್ರೆ ಗೋಡೆ ಕಡೆ ತಿರುಗೋಳು, ಸಾರಿನ ವಾಸನೆ ಬಂದ್ರೆ ಹಿತ್ತಲಿಗೆ ಓಡೋಳು, ಮುದ್ದೆ ಬೆರಳಿಗೆ ತಾಗಿದ್ರೆ ಓಕರಿಸೋಳಂತೆ. ಏಳು ವರ್ಷದವಳು ನಾಲ್ಕು ವರ್ಷದವಳ ಹಂಗೆ ಕಾಣೋಳು, ಲಂಗ ಸೊಂಟದಲ್ಲಿ ನಿಲ್ತಿರಲಿಲ್ಲ, ತಲೆ ಬಾಚಿದ್ರೆ ಬಾಚಣಿಗೆ ತುಂಬ ಕೂದಲು. ಊರೋರು ಬಿಡ್ತಾರಾ, ಏನ್ ಲಕ್ಕವ್ವ, ಮಗಳನ್ನ ಗುಬ್ಬಚ್ಚಿ ಗೂಡಿಂದ ತಂದ್ಯಾ ಅಂತ ಕೇಳೋರಂತೆ. ಲಕ್ಕವ್ವ ನಕ್ಕಂಗೆ ಮಾಡಿ, ಒಳಗೆ ಬಂದು ಒಲೆ ಮುಂದೆ ಕೂತು ಅಳೋಳಂತೆ. ಯಾರಾದ್ರೂ ಕೇಳಿದ್ರೆ ಹೊಗೆ ಅನ್ನೋಳಂತೆ.

ಮೊದಲು ಅಪ್ಪ. ಹಟ ಇದು, ಹಸಿದ್ರೆ ತಾನೇ ತಿಂತಾಳೆ ಅಂತ ಅವಲಕ್ಕಿ ಗಡಿಗೆನ ಅಟ್ಟದ ಮೇಲಿಟ್ಟನಂತೆ. ಒಂದು ದಿನ ಆಯ್ತು, ಎರಡು ದಿನ ಆಯ್ತು, ಮೂರನೇ ದಿನ ಹುಡುಗಿ ಬಾವಿಕಟ್ಟೆ ಹತ್ತಿರ ಬಿದ್ದಳಂತೆ. ಅಪ್ಪನೇ ಅಟ್ಟ ಹತ್ತಿ ಗಡಿಗೆ ಇಳಿಸಿದನಂತೆ. ಆಮೇಲೆ ಅವ್ವ. ತಾಯತ ಕಟ್ಟಿಸಿ, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ಲಂತೆ. ದೃಷ್ಟಿ ತಾಗಿದ್ರೆ ಘಾಟು ಬರಲ್ಲ ಅಂತಾರೆ ನೋಡು, ಇಲ್ಲಿ ಘಾಟೋ ಘಾಟು, ಮನೆಯೋರೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಬಂದ್ರಂತೆ. ದೃಷ್ಟಿ ಅಲ್ಲ ಅಂತಾಯ್ತು. ಹಾಗಾದ್ರೆ ಏನು ಅಂತ ಗೊತ್ತಾಗಲಿಲ್ಲ.

ಆಮೇಲೆ ಅಜ್ಜಿ. ಅಜ್ಜಿ ಬೈಯಲಿಲ್ಲ, ಹೊಡೀಲಿಲ್ಲ. ಅಜ್ಜಿಗೆ ಮಗು ಒಂಚೂರು ಮೈ ತುಂಬಲಿ ಅಂತ ಆಸೆ. ಹೆಸರುಬೇಳೆ ಬೇಯಿಸಿದ ಕಟ್ಟಿನ ನೀರನ್ನ ಅವಲಕ್ಕಿ ಮೇಲೆ ಚಿಮುಕಿಸಿ, ಮೊರದಲ್ಲಿ ಹರಡಿ, ಬಿಸಿಲಿಗೆ ಒಣಗಿಸಿ, ಯಾರಿಗೂ ಹೇಳದೆ ಮತ್ತೆ ಅದೇ ಗಡಿಗೆಗೆ ತುಂಬಿದ್ಲಂತೆ. ನೋಡೋಕೆ ಅದೇ ಅವಲಕ್ಕಿ. ಚೆಲುವಿ ಒಂದು ಎತ್ತಿದ್ಲು, ಬೆಳಕಿಗೆ ಹಿಡಿದ್ಲು, ಒಂದು ಎಳೆಯಷ್ಟು ಹಳದಿ ಕಾಣ್ತು. ನಾಲಿಗೆಗೆ ತಾಗಿಸಿ ಉಗಿದ್ಲು. ಆಮೇಲೆ ಅಜ್ಜಿ ಮುಖ ನೋಡಿದ್ಲಂತೆ. ಅವತ್ತಿಂದ ಅವಲಕ್ಕಿನೂ ನಿಂತಿತು. ನಂಬಿ ತಿಂತಿದ್ದದ್ದು ಅದೊಂದೇ, ಅದನ್ನೂ ಅಜ್ಜಿ ಕೆಡಿಸಿದ್ಲು.

ಹ್ಞೂಂ ಅನ್ನು ಮಗಾ. ಮೆಲ್ಲಗೆ ಅಂದ್ರೂ ಸಾಕು.

ಆಮೇಲೆ ಹುಡುಗಿ ಚಾಪೆ ಬಿಟ್ಟು ಏಳದ ಹಂಗಾಯ್ತಂತೆ. ಆಗ ಬೋರಣ್ಣನಿಗೆ ನೆನಪಾಯ್ತಂತೆ. ಎಷ್ಟೋ ವರ್ಷದಿಂದ ಅವನ ಹರಿಗೋಲಲ್ಲಿ ತಾಯಂದಿರು ಒಣಕಲು ಮಕ್ಕಳನ್ನ ತೊಡೆ ಮೇಲೆ ಕೂರಿಸಿಕೊಂಡು ಆಚೆ ದಡಕ್ಕೆ ಹೋಗ್ತಿದ್ರು. ಒಂದು ತುತ್ತು ಉಣಿಸೋಕೂ ಬರಲ್ವಾ ನಿಮಗೆ ಅಂತ ಇವನು ನಗ್ತಿದ್ದ, ಎಲ್ಲಿಗೆ ಹೋಗ್ತೀರಿ ಅಂತ ಮಾತ್ರ ಕೇಳಿರಲಿಲ್ಲ. ಅವತ್ತು ಕೇಳಿದನಂತೆ. ಒಬ್ಬಳು ತಾಯಿ ಅಂದ್ಲಂತೆ, ಮಾಚವ್ವನ ಹತ್ತಿರಕ್ಕಣ್ಣ, ಉಣ್ಣೋಕೆ ಹೆದರೋ ಮಕ್ಕಳನ್ನ ಮಾತ್ರ ನೋಡ್ತಾಳೆ, ಬೇರೆ ಕಾಯಿಲೆ ಮುಟ್ಟಲ್ಲ, ನೀನೂ ಕರ್ಕೊಂಡು ಬಾ.

ಮನೆಯೋರೆಲ್ಲ ಹೋದ್ರಂತೆ. ಮಾಚವ್ವ ಹುಡುಗಿ ಉಗುರು ನೋಡಿದ್ಲು, ಕಣ್ಣು ನೋಡಿದ್ಲು. ಆಮೇಲೆ ಭತ್ತ ನೆನೆಸಿ, ಹುರಿದು, ಅವಳ ಕಣ್ಣೆದುರೇ ಒನಕೆಯಲ್ಲಿ ಕುಟ್ಟಿಸಿದ್ಲಂತೆ. ಚೆಲುವಿ ಒರಳನ್ನೇ ನೋಡ್ತಾ ಮಲಗಿದ್ಲು. ಆಮೇಲೆ ಒಂದು ಅವಲಕ್ಕಿ ಎತ್ತಿ ಬೆಳಕಿಗೆ ಹಿಡಿದ್ಲು, ತಿಂದ್ಲು. ಇನ್ನೊಂದು ತಿಂದ್ಲು. ಮಾಚವ್ವ ಬೋರಣ್ಣನ್ನ ಕೇಳಿದ್ಲಂತೆ, ನಿನ್ನ ತಟ್ಟೇಲಿ ಹಲ್ಲಿ ಇಟ್ಟು ತಿನ್ನು ಅಂದ್ರೆ ತಿಂತೀಯೇನಪ್ಪಾ? ಅಯ್ಯೋ ಇಲ್ಲ ತಾಯಿ ಅಂದ. ಇವಳಿಗೆ ಅನ್ನ ಹಂಗೆ, ಇದು ಹಟ ಅಲ್ಲ ಹೆದರಿಕೆ ಅಂದ್ಲಂತೆ. ಲಕ್ಕವ್ವನಿಗೆ, ನಿನ್ನ ತಪ್ಪಲ್ಲ ಕಣವ್ವಾ, ಅವಳ ಬಾಯನ್ನೇ ನೋಡ್ತಾ ಕೂರಬೇಡ, ಪಕ್ಕದಲ್ಲಿ ಕೂತು ನಿನ್ನ ಊಟ ನೀನು ಉಣ್ಣು ಅಂದ್ಲಂತೆ. ಲಕ್ಕವ್ವ ಅವತ್ತು ಹೊಗೆ ಇಲ್ಲದೇನೇ ಅತ್ತಳಂತೆ.

ಹೊಸ ತಿನಿಸನ್ನ ಒಂದು ತಿಂಗಳು ಬರೀ ಮುಟ್ಟೋದು, ಒಂದು ತಿಂಗಳು ಮೂಸೋದು, ಒಂದು ತಿಂಗಳು ತುಟಿಗೆ ತಾಗಿಸಿ ಉಗಿಯೋದು. ಉಗಿಯೋಕೆ ಪಕ್ಕದಲ್ಲೇ ಒಂದು ತೆಂಗಿನ ಚಿಪ್ಪು. ಯಾರೂ ಭೇಷ್ ಅನ್ನಂಗಿಲ್ಲ, ಯಾರೂ ಛೀ ಅನ್ನಂಗಿಲ್ಲ. ವರ್ಷ ತುಂಬೋ ಹೊತ್ತಿಗೆ ಹುರಿಗಡಲೆ ಬಂತು, ಆಮೇಲೆ ಬಾಳೆಹಣ್ಣು, ಆಮೇಲೆ ಒಂದು ತುತ್ತು ಬಿಳಿ ಅನ್ನ. ಸಾರು ಬರಲೇ ಇಲ್ಲ, ಇರಲಿ ಬಿಡು. ಲಂಗ ಸೊಂಟದಲ್ಲಿ ನಿಂತಿತು. ಅಂಥ ತಾಯಂದಿರು ದಡಕ್ಕೆ ಬಂದ್ರೆ ಬೋರಣ್ಣ ಅವರನ್ನೇ ಮೊದಲು ಕೂರಿಸೋನಂತೆ, ನಗ್ತಿರಲಿಲ್ಲ.

ಅಜ್ಜಿ ಏನಾದ್ಲು ಅಂತ ಕೇಳಲ್ವಾ? ಅವಳು ಗುಟ್ಟಾಗಿ ಒಪ್ಪಿಕೊಂಡಾಗ ಮಾಚವ್ವ, ಮಾಡಿದ್ದನ್ನ ಮಗುವಿಗೆ ನೀನೇ ಬಾಯಿಬಿಟ್ಟು ಹೇಳು ಅಂದಿದ್ಲಂತೆ. ಅಜ್ಜಿಗೆ ನಾಚಿಕೆ. ನಾಳೆ ಹೇಳೋಣ, ನಾಳಿದ್ದು ಹೇಳೋಣ ಅಂತ ಕೂತ್ಲು. ಚೆಲುವಿ ಅವ್ವ ಕೊಟ್ಟದ್ದು ತಿಂದ್ಲು, ಅಪ್ಪ ಕೊಟ್ಟದ್ದು ತಿಂದ್ಲು. ಅಜ್ಜಿ ಮುಟ್ಟಿದ ತಟ್ಟೆ ಮಾತ್ರ ಮುಟ್ಟಲಿಲ್ಲ, ಅಜ್ಜಿ ಸಾಯೋವರೆಗೂ. ಉಳಿದೋರೆಲ್ಲ ಚೆನ್ನಾಗಿದ್ರಂತೆ. ಕತೆ ಅಷ್ಟೇ, ಹೊಳೆ ದಾಟ್ತು.

ನಿನ್ನಜ್ಜಿ ನಾನು, ಆ ಅಜ್ಜಿ ಹಂಗೆ ನಾಳೆ ನಾಳೆ ಅಂತ ಕೂರಲ್ಲ ಮಗಾ. ಸೋಮವಾರ ನಿನ್ನ ಹಾಲಿಗೆ ಮೈ ತುಂಬಲಿ ಅಂತ ಪುಡಿ ಬೆರೆಸಿದ್ದು ನಿಮ್ಮಮ್ಮ ಅಲ್ಲ, ನಾನು. ನೀನು ಕುಡೀತಿದ್ದದ್ದು ಅದೊಂದೇ, ಅದನ್ನೂ ಬಿಟ್ಟೆ. ನಾಳೆ ಅಮ್ಮ ನಿನ್ನನ್ನ ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋಗ್ತಾಳಲ್ಲ, ಮನೆಯೋರೆಲ್ಲ ಬನ್ನಿ ಅಂದಿದಾರಂತೆ. ನಾನೂ ಬರ್ಲಾ? ಪಕ್ಕದಲ್ಲಿ ಕೂರಲ್ಲ, ಬಾಗಿಲ ಹತ್ತಿರ ಕೂತಿರ್ತೀನಿ.

ಮಗಾ? ಗೋಡೆ ಕಡೆ ತಿರುಗಿಕೊಂಡ್ಯಾ?

ಒಂದೇ ಒಂದು ಸಲ ಹ್ಞೂಂ ಅನ್ನು.