ದರ್ಜಿಯ ಮಂಚದ ಗಾಡಿ

"ಗುರುಗಳೇ, ಒಳಗೆ ಮಂಚ, ಒಲೆ ಎಲ್ಲ ಇರುವ ಹಳೆಯ ವ್ಯಾನನ್ನು ಮಾರಲು ವರ್ಷದಲ್ಲಿ ಯಾವ ಕಾಲ ಒಳ್ಳೆಯದು?" ಎಂದು ಶಿಷ್ಯ ಕೇಳಿದ.

ಆತ್ಮದ ಬಗ್ಗೆ ಕೇಳುತ್ತಾನೆಂದು ಕಣ್ಣು ಮುಚ್ಚಿ ಕಾದಿದ್ದ ಗುರುಗಳು ಒಂದು ಕಣ್ಣು ತೆರೆದರು.

"ಬೇಸಿಗೆ ರಜೆಗೆ ಮುಂಚೆ ಮಾರು ಅನ್ನುತ್ತಾರೆ ಕೆಲವರು. ದಸರಾ ತನಕ ಕಾದಿರು ಅನ್ನುತ್ತಾರೆ ಇನ್ನು ಕೆಲವರು. ಮಳೆಗಾಲದಲ್ಲಂತೂ ಕೇಳುವವರೇ ಇಲ್ಲವಂತೆ. ನನಗೆ ತಲೆ ಕೆಟ್ಟುಹೋಗಿದೆ."

"ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ದರ್ಜಿಯಿದ್ದ. ಕೈಕೆಲಸ ಚೆನ್ನಾಗಿತ್ತು. ಮಾತು ಮಾತ್ರ ಒಂದೇ: ನಾಳೆ ಬನ್ನಿ. ಮದುವೆಗೆ ಹೊಲಿಯಲು ಕೊಟ್ಟ ಅಂಗಿ ಮಗುವಿನ ನಾಮಕರಣಕ್ಕೆ ಸಿಕ್ಕರೆ ಪುಣ್ಯ ಎಂದು ಊರು ನಗುತ್ತಿತ್ತು. ಅವನೂ ಜೊತೆಗೆ ನಗುತ್ತಿದ್ದ, ಗುಂಡಿ ಮಾತ್ರ ಹಾಕುತ್ತಿರಲಿಲ್ಲ.

ಅವನ ಬಳಿ ಅಂಥದೇ ಒಂದು ವ್ಯಾನಿತ್ತು. ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ ಗಂಡ ಹೆಂಡತಿ ಅದರಲ್ಲಿ ಊರೂರು ಸುತ್ತುತ್ತಿದ್ದರು. ಎಲ್ಲಿ ಕತ್ತಲಾಯಿತೋ ಅಲ್ಲೇ ಅನ್ನ, ಅಲ್ಲೇ ನಿದ್ದೆ. ಒಂದು ವರ್ಷ ಹೆಂಡತಿ ತೀರಿಕೊಂಡಳು. ವ್ಯಾನು ಅಂಗಡಿಯ ಪಕ್ಕದಲ್ಲಿ ನಿಂತಿತು. ತುಕ್ಕು ಹಿಡಿಯುತ್ತದೆ, ಮಾರಿಬಿಡು ಎಂದು ಎಲ್ಲರೂ ಹೇಳಿದರು. ಮಾರುತ್ತೇನೆ ಎಂದು ಅವನೂ ಹೇಳಿದ. 'ಮಾರಾಟಕ್ಕಿದೆ' ಎಂದು ಬರೆದು ಗಾಜಿಗೆ ಅಂಟಿಸಿಯೂ ಬಿಟ್ಟ. ಬರೆದ ಕಡೆ ಒಳಮುಖವಾಗಿತ್ತು, ಅಷ್ಟೇ.

ಅದೇ ಊರಿನಲ್ಲಿ ಒಬ್ಬ ಹೂವಿನ ವ್ಯಾಪಾರಿಯಿದ್ದ. ಅವನ ತಾಯಿಗೆ ಬೆನ್ನು ಕೆಟ್ಟು ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ದೂರದ ಸಮುದ್ರದ ಕಡೆಯ ಊರಿನಲ್ಲಿ ಅವಳ ತಂಗಿ ಹಾಸಿಗೆ ಹಿಡಿದಿದ್ದಳು. ಒಮ್ಮೆ ಅವಳ ಮುಖ ನೋಡಬೇಕು ಎಂದು ಮುದುಕಿ ಹಂಬಲಿಸುತ್ತಿದ್ದಳು. ಮಲಗಿಸಿಕೊಂಡು ಹೋಗುವಂಥ ಗಾಡಿ ಊರಿಗೆ ಅದೊಂದೇ.

ಹೂವಿನವನು ಆಷಾಢದಲ್ಲಿ ಬಂದ. ಬೆಲೆ ಒಂದೇ ಮಾತಿಗೆ ಕುದುರಿತು. ಆದರೆ ಆಷಾಢದಲ್ಲಿ ಯಾರಾದರೂ ಗಾಡಿ ಕೊಳ್ಳುತ್ತಾರೆಯೇ ಎಂದ ದರ್ಜಿ. ಶ್ರಾವಣದಲ್ಲಿ ಬಂದರೆ, ಹಬ್ಬದ ತಿಂಗಳು, ಮನೆಯದು ಹೊರಗೆ ಹೋಗಬಾರದು ಎಂದ. ಆಮೇಲೆ ಪಿತೃಪಕ್ಷ ಎಂದ. ಆಯುಧಪೂಜೆಯ ಮರುದಿನ ಹೂವಿನವನು ಮತ್ತೆ ಬಂದ.

"ಹಾರ ಹಾಕಿ ಪೂಜೆ ಮಾಡಿದ ಗಾಡೀನ ಮಾರ್ತಾರೇನೋ?" ಎಂದ ದರ್ಜಿ.

"ಆ ಹಾರ ಕೊಟ್ಟವನೇ ನಾನಲ್ವಾ ಟೈಲರಣ್ಣ!"

"ಅದಕ್ಕೇ ನೋಡು, ಎಷ್ಟು ಚೆನ್ನಾಗಿ ಕಾಣ್ತಾ ಇದೆ. ಹೇಗೆ ಮಾರ್ಲಿ?"

ದೀಪಾವಳಿಗೆ ಅವನ ಕೈತುಂಬ ಹೊಲಿಗೆ. ಅದೂ ಮುಗಿಯಿತು. ಧನುರ್ಮಾಸದ ಒಂದು ಬೆಳಿಗ್ಗೆ ಹೂವಿನವನು ತಾಯಿಯನ್ನೇ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬಂದ.

"ಈ ತಿಂಗಳು ಗಾಡಿ ಕೈ ಬದಲಾಗಬಾರದು ಮಾರಾಯ. ಸಂಕ್ರಾಂತಿ ಕಳೀಲಿ," ಎಂದ ದರ್ಜಿ, ತಲೆಯೆತ್ತದೆ.

"ಆಗಲಿ ಕಣಪ್ಪ. ಬಂದಿದ್ದೀನಲ್ಲ, ಒಳಗೆ ಹೆಂಗದೆ ಅಂತ ನೋಡ್ಕೊಂಡು ಬರ್ತೀನಿ," ಎಂದಳು ಮುದುಕಿ.

ಮಗ ಅವಳನ್ನು ಎತ್ತಿ ಒಳಗೆ ಮಲಗಿಸಿದ. ದರ್ಜಿ ಒಂದು ತೋಳು ಹೊಲಿದು ಮುಗಿಸಿದ. ಮುದುಕಿ ಹೊರಗೆ ಬರಲಿಲ್ಲ. ಬೀಗ ಹಾಕೋಣವೆಂದು ಎದ್ದು ಹೋಗಿ ಇಣುಕಿದ. ಅವನ ಹೆಂಡತಿ ಮಲಗುತ್ತಿದ್ದ ಮಗ್ಗುಲಲ್ಲಿ ಮುದುಕಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಮಗ ನಾಚಿಕೆಯಿಂದ ಅವಳ ಭುಜ ಅಲುಗಿಸಲು ಹೋದ. ದರ್ಜಿ ಅವನ ಕೈ ಹಿಡಿದುಕೊಂಡ.

"ಚಿಕ್ಕವ್ವ ಹಾಸಿಗೆ ಹಿಡಿದ ಸುದ್ದಿ ಬಂದಾಗಿನಿಂದ ಅವ್ವ ಕಣ್ಣಿಗೆ ಕಣ್ಣು ಅಂಟಿಸಿಲ್ಲ ಟೈಲರಣ್ಣ," ಎಂದ ಮಗ.

ದರ್ಜಿ ಅವನ ಕೈ ಬಿಟ್ಟು ಒಳಗೆ ಹತ್ತಿದ. ಹೆಂಡತಿ ಅಂಗಡಿಯ ತುಂಡುಬಟ್ಟೆ ಸೇರಿಸಿ ಹೊಲಿದಿದ್ದ ಕೌದಿಯ ಮಡಿಕೆ ಬಿಡಿಸಿ ಮುದುಕಿಗೆ ಹೊದಿಸಿದ. ಹೊರಗೆ ಬಂದು ಜೇಬಿನಿಂದ ಕೀ ತೆಗೆದು ಹೂವಿನವನ ಅಂಗೈಯಲ್ಲಿಟ್ಟ.

"ಮೂರನೇ ಗೇರು ಸ್ವಲ್ಪ ಹಟ ಮಾಡುತ್ತೆ. ಬಯ್ಯಬೇಡ, ಬೀಳುತ್ತೆ. ಹೊರಡು."

"ಧನುರ್ಮಾಸ ಅಂದ್ರಲ್ಲಣ್ಣ?"

"ಮೆಲ್ಲಗೆ ಮಾತಾಡೋ," ಎಂದ ದರ್ಜಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದ. ಅವನ ಮುಖ ಅರಳಿತು.

"ಹಾಗಾದರೆ ಧನುರ್ಮಾಸದಲ್ಲೇ ಮಾರಬೇಕು ಅಂತಾಯಿತು, ಅಲ್ಲವೇ ಗುರುಗಳೇ?"

"ಅಲ್ಲವಯ್ಯಾ, ಮಲಗಿದವರನ್ನು ಎಬ್ಬಿಸಬಾರದು ಅಂತಾಯಿತು."