ಭಟ್ಟರು ಓದಿದ ಬೈಜಾಂಟಿಯಂ ನಾಣ್ಯ

ತಮಗೆ ಓದಲು ಬಾರದ ಲಿಪಿ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ತೊರೆಗಲ್ಲಿನ ಆಸ್ಥಾನ ಪಂಡಿತ ಗೋವರ್ಧನಭಟ್ಟರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಪರೀಕ್ಷಿಸುವಷ್ಟು ಓದಿದವರು ಊರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ನಂಬಿದ್ದರು.

ಒಂದು ದಿನ ಕುಂಬಾರರ ದ್ಯಾವಕ್ಕ ತನ್ನ ಹೊಲದಲ್ಲಿ ಜೇಡಿಮಣ್ಣು ಅಗೆಯುವಾಗ ಚಿನ್ನದ ನಾಣ್ಯವೊಂದು ಸಿಕ್ಕಿತು. ಒಂದು ಬದಿ ಕಿರೀಟ ಹೊತ್ತ ದೊರೆಯ ಮುಖ, ಇನ್ನೊಂದು ಬದಿ ರೆಕ್ಕೆಯ ದೇವತೆ, ಸುತ್ತಲೂ ಗುರುತು ಸಿಗದ ಅಕ್ಷರ. ಕಡಲಾಚೆಯ ಬೈಜಾಂಟಿಯಂ ಸಾಮ್ರಾಜ್ಯದ ಹಳೆಯ ನಾಣ್ಯ ಅದು. ದ್ಯಾವಕ್ಕ ಪ್ರಾಮಾಣಿಕಳಾಗಿ ಅರಮನೆಗೆ ತಂದೊಪ್ಪಿಸಿದಳು. ಅವಳು ಮಾಡಿದ ತಪ್ಪು ಅದೊಂದೇ.

ಭಟ್ಟರು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಓದಿಯೇಬಿಟ್ಟರು. "ಈ ನಾಣ್ಯವಿರುವ ಜಾಗ ಗೋವರ್ಧನಭಟ್ಟರ ವಂಶಕ್ಕೆ ಸೇರಿದ್ದು."

ಅರಸ ಮಾಚಿದೇವ ತಲೆದೂಗಿ, ಮೂರು ದಿನದಲ್ಲಿ ಹೊಲ ಬಿಡುವಂತೆ ದ್ಯಾವಕ್ಕನಿಗೆ ಹೇಳಿದ. ಆ ಮಣ್ಣಿಲ್ಲದಿದ್ದರೆ ತನ್ನ ತಿಗರಿ ತಿರುಗುವುದಿಲ್ಲ ಎಂದು ಅವಳು ಅತ್ತಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಗ ಅರಸನ ಹರಟೆಯ ಜೊತೆಗಾರ ಚಾಕಣ್ಣ ಎದ್ದ. ನೂರಾರು ವರ್ಷದ ನಂತರ ಹುಟ್ಟಲಿದ್ದ ಭಟ್ಟರ ಹೆಸರನ್ನು ಅಷ್ಟು ದೂರದ ದೊರೆ ಮರೆಯದೆ ಬರೆಸಿದನಲ್ಲ, ಎಂಥ ದೊಡ್ಡ ಮನಸ್ಸು ಎಂದು ಹೊಗಳಿದ. ಭಟ್ಟರು ಅದನ್ನೂ ಹೊಗಳಿಕೆಯೆಂದೇ ತಿಳಿದು ಬೀಗಿದರು. ಇವೇ ಅಕ್ಷರದ ಇನ್ನೊಂದು ನಾಣ್ಯ ಸಿಕ್ಕರೆ ಆ ಜಾಗ ಯಾರದು ಎಂದು ಚಾಕಣ್ಣ ಕೇಳಿದ. ಅದೂ ತಮ್ಮದೇ ಎಂದ ಭಟ್ಟರು, ಇನ್ನಷ್ಟು ಹೊಲಗಳ ಆಸೆಯಲ್ಲಿ ಓಲೆಗರಿಯ ಮೇಲೆ ಹಾಗೆಂದು ಬರೆದು ರುಜುವನ್ನೂ ಹಾಕಿದರು.

ಚಾಕಣ್ಣ ಓಲೆಯನ್ನು ಅರಸನ ಕೈಗಿತ್ತ. "ಪ್ರಭು, ಇದೇ ಮುಖ, ಇದೇ ಅಕ್ಷರದ ನಾಣ್ಯ ರಾಣಿಯವರ ಕೊರಳ ಸರದಲ್ಲಿದೆ. ಭಟ್ಟರು ಆ ಜಾಗವನ್ನು ಯಾವತ್ತು ವಶಕ್ಕೆ ತೆಗೆದುಕೊಳ್ಳುತ್ತಾರೆ, ಕೇಳಿ."

ಅರಸನ ಪಕ್ಕದಲ್ಲೇ ಕುಳಿತಿದ್ದ ರಾಣಿ ಕೊರಳು ಮುಟ್ಟಿ ನೋಡಿಕೊಂಡಳು. ಹಡಗಿನ ವರ್ತಕರಿಂದ ಕೊಂಡ ನಾಣ್ಯ ಅಲ್ಲೇ ಇತ್ತು. ಅರಸನ ಹುಬ್ಬು ಗಂಟಿಕ್ಕಿತು. ಭಟ್ಟರು ನಾಣ್ಯವನ್ನು ಮತ್ತೆ ಹಿಡಿದು, ಸರಿಯಾಗಿ ನೋಡಿದರೆ 'ಧರಿಸಿದವರಿಗೆ ಶುಭವಾಗಲಿ' ಎಂದಷ್ಟೇ ಇದೆ ಎಂದು ತೊದಲಿದರು.

ಅರಸ ಹೊಲವನ್ನೂ ನಾಣ್ಯವನ್ನೂ ದ್ಯಾವಕ್ಕನಿಗೇ ಕೊಡಿಸಿದ. ಆಮೇಲೆ, ಅದರಲ್ಲಿ ನಿಜಕ್ಕೂ ಏನು ಬರೆದಿದೆ ಎಂದು ಚಾಕಣ್ಣನನ್ನು ವಿಚಾರಿಸಿದ.

"ಭಟ್ಟರ ಹಾಗೆ ನನಗೂ ಆ ಲಿಪಿ ಬಾರದು, ಪ್ರಭು. ನಾನು ಪಂಡಿತನಲ್ಲವಲ್ಲ, ಹಾಗಾಗಿ ಬಾರದು ಎಂದು ಹೇಳಲು ಬರುತ್ತದೆ."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಭಟ್ಟರೂ ನಗಬೇಕಾಯಿತು.