ಸೊಟ್ಟ ಅಚ್ಚಿನ ಕೌದಿ

ಮಲಪ್ರಭೆಯ ದಂಡೆಯ ಮೇಲೆ ಹೆಂಚು ಹೊದಿಸಿದ ಒಂದು ಸಣ್ಣ ಮಠವಿತ್ತು. ಪೂಜ್ಯ ಶಿವಗಂಗಮ್ಮ ತಾಯಿಯವರು ಆ ಮಠದಲ್ಲಿ ಮೂವತ್ತೆಂಟು ವರ್ಷ ಇದ್ದರು. ಅವರಿಗೆ ಗದ್ದುಗೆಯೆಂಬುದು ಇರಲಿಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತರೆಂದರೆ ಹೊತ್ತು ಇಳಿಯುವವರೆಗೂ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಮಠದಲ್ಲಿ ತಂಗುವ ಬಡವರು, ತವರಿಲ್ಲದ ಬಾಣಂತಿಯರು, ದಾರಿಹೋಕರು ಹೊದೆಯುತ್ತಿದ್ದುದು ಅವೇ ಕೌದಿಗಳನ್ನು. ದರ್ಶನಕ್ಕೆ ಬಂದವರು ತಮ್ಮ ಕಷ್ಟ ತೋಡಿಕೊಳ್ಳುತ್ತಿದ್ದರು. ತಾಯಿಯವರು ಸೂಜಿ ನಿಲ್ಲಿಸದೆ ಕೇಳುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಚನ್ನಮಲ್ಲಪ್ಪ ನೀಲಗಾರನೆಂಬವನು ಅಲ್ಲಿಗೆ ಬಂದನು. ಬಟ್ಟೆಗೆ ಕಟ್ಟಿಗೆಯ ಅಚ್ಚು ಒತ್ತುವುದು ಅವನ ಮನೆತನದ ಕಸುಬು. ಮಠಮಾನ್ಯಗಳಲ್ಲಿ ಅವನಿಗೆ ನಂಬಿಕೆ ಇರಲಿಲ್ಲ. ಆದರೆ ನಾಲ್ಕು ತಿಂಗಳಿಂದ ಉಂಡದ್ದು ಮೈಗೆ ಹತ್ತದೆ, ಮಲಗಿದರೆ ನಿದ್ದೆ ಬಾರದೆ, ಸುಮ್ಮನೆ ಕುಳಿತರೂ ದಣಿವು. ಹೆಂಡತಿ "ಒಮ್ಮೆ ತಾಯಿಯವರ ಕಡೆ ಹೋಗಿ ಬರ್ರಿ" ಎಂದು ದಿನವೂ ಅನ್ನುತ್ತಿದ್ದಳು. ಅವಳ ಬಾಯಿ ಮುಚ್ಚಿಸಲೆಂದು ಬಂದಿದ್ದನು, ಅಷ್ಟೆ.

ಪಡಸಾಲೆಗೆ ಕಾಲಿಟ್ಟವನು ಹೊಸ್ತಿಲ ಬಳಿಯೇ ನಿಂತುಬಿಟ್ಟನು. ತಾಯಿಯವರ ಮುಂದಿದ್ದ ಬಟ್ಟೆಯ ರಾಶಿ ಅವನೇ ಅಚ್ಚು ಹಾಕಿದ್ದು. ಮೊಳದಗಲದ ಚೌಕಗಳು, ಒಂದೊಂದರಲ್ಲಿ ಒಂದು ಕಮಲ. ಎಲ್ಲ ಚೌಕಗಳೂ ಒಂದೇ ಕಡೆ ವಾಲಿದ್ದವು. ಅಚ್ಚಿನ ಕೆಲಸ ಕೊಟ್ಟಿದ್ದ ಸಾಹುಕಾರರು ಬೇಡವೆಂದ ಆ ಮಾಲು ಮಠಕ್ಕೆ ದಾನವಾಗಿ ಬಂದದ್ದು ಅವನಿಗೆ ಗೊತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಅದನ್ನು ಒತ್ತಿದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಲಗ್ನದ ಸುಗ್ಗಿ, ಹದಿನೆಂಟು ದಿನ ಬಿಡುವಿಲ್ಲದೆ ಅಚ್ಚು ಒತ್ತಿ ತೋಳು ಕಟ್ಟಿಗೆಯಾಗಿತ್ತು. ಮೇಜಿನ ಆಚೆ ತುದಿಯಲ್ಲಿ ಬಟ್ಟೆ ಬಿಗಿಹಿಡಿದು ನಿಂತವಳು ತಂಗಿ ಕಾಶವ್ವ. ಗಂಡನನ್ನು ಕಳೆದುಕೊಂಡು ಒಂಬತ್ತು ವರ್ಷದಿಂದ ಅವನ ಜೊತೆಗೇ ದುಡಿಯುತ್ತಿದ್ದಳು. "ಅಣ್ಣಾ, ಬಟ್ಟಿ ಸರದಂಗ ಕಾಣತೈತಿ, ದಾರ ಹಿಡದು ನೋಡೂಣು" ಎಂದಿದ್ದಳು. "ಸುಮ್ಮ ಹಿಡಿ" ಎಂದು ಗದರಿದ್ದನು. ಮೊದಲ ಸಾಲು ವಾಲಿತು. ಉಳಿದವೆಲ್ಲ ಅದರ ಹಿಂದೆಯೇ ಹೋದವು. ಸಾಹುಕಾರರು ಕೇಳಿದಾಗ, ಸಮಾಜದ ಹಿರಿಯರ ಎದುರಿಗೇ, "ಆಕಿ ಹಿಡಿದದ್ದು ಸಡಿಲಾತ್ರಿ" ಎಂದುಬಿಟ್ಟನು. ಕಾಶವ್ವ ಅವನ ಮುಖ ಒಮ್ಮೆ ನೋಡಿದಳು. ಮರುದಿನ ಮನೆ ಬಿಟ್ಟಳು. ಅವಳ ಕೈ ಸರಿಯಿಲ್ಲವೆಂಬ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಯಾವ ಅಚ್ಚಿನ ಮನೆಯವರೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಈಗ ಪಟ್ಟಣದ ಖಾನಾವಳಿಯೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಬಾರಪಾ, ಹೊತ್ತಿಗೆ ಬಂದಿ" ಎಂದರು ತಾಯಿಯವರು. "ಈ ಮೂಲಿ ಹಿಡಕೊಂಡು ಎಳಿ. ನನ್ನ ಕೈಯಾಗ ಕಸುವಿಲ್ಲ."

ನಮಸ್ಕಾರ ಮಾಡಲೂ ಬಿಡದೆ ಬಟ್ಟೆಯ ಮೂಲೆಯನ್ನು ಅವನ ಕೈಗಿತ್ತರು. ನೀರು ಚಿಮುಕಿಸಿದ ತುಂಡನ್ನು ಇಬ್ಬರೂ ಎದುರುಬದುರಿನ ಮೂಲೆಗಳಿಂದ ಎಳೆದರು. ವಾಲಿದ ಚೌಕ ನೆಟ್ಟಗಾಯಿತು. ಕೈ ಬಿಟ್ಟೊಡನೆ ಮತ್ತೆ ವಾಲಿತು. ಎರಡನೆಯದೂ ಹಾಗೆಯೇ. ಆರೇಳು ತುಂಡು ಎಳೆಯುವಷ್ಟರಲ್ಲಿ ಚನ್ನಮಲ್ಲಪ್ಪನಿಗೆ ಭುಜ ನೋಯತೊಡಗಿತು.

"ತಾಯಿ, ಇದು ಎಳದ್ರ ಸರಿಹೋಗೂದಲ್ಲರಿ" ಎಂದನು. "ಚೌಕದ ಗೆರಿ ಹಿಡದು ಕತ್ತರಸ್ರಿ. ಆಗ ಹೂವು ನೆಟ್ಟಗ ಕೂಡತೈತಿ. ಅಚ್ಚು ತಪ್ಪೈತಿ ಅಂತ ಯಾರಿಗೂ ಗೊತ್ತಾಗೂದಿಲ್ಲ."

ತಾಯಿಯವರು ತುಂಡನ್ನು ತೊಡೆಯ ಮೇಲೆ ಹರಡಿ, ಉಗುರಿನಿಂದ ನೇಯ್ಗೆಯ ಒಂದು ಎಳೆಯನ್ನು ಎಬ್ಬಿಸಿ ಮೆಲ್ಲಗೆ ಎಳೆದು ತೆಗೆದರು. ಎಳೆ ಹೋದ ದಾರಿ ಬಟ್ಟೆಯಲ್ಲಿ ಸಣ್ಣ ಗೆರೆಯಾಗಿ ಕಾಣಿಸಿತು. ಆ ಗೆರೆಯ ಮೇಲೆ ಕತ್ತರಿ ಆಡಿಸಿದರು. ನಾಲ್ಕೂ ಬದಿ ಹಾಗೆಯೇ ಕತ್ತರಿಸಿದಾಗ ತುಂಡು ನೆಟ್ಟಗಿತ್ತು, ಕಮಲ ಮಾತ್ರ ವಾಲಿತ್ತು.

"ಗೆರಿ ಹಿಡದು ಕತ್ತರಿಸಿದ್ರ ತಪ್ಪು ಮುಚ್ಚತೈತಿ, ಖರೆ" ಎಂದರು. "ಆದ್ರ ಎಳಿಗೆ ಅಡ್ಡ ಕತ್ತರಿಸಿದ ಬಟ್ಟಿ ಜಗ್ಗತೈತಿ, ಒಂದು ಸಲ ಒಗದ್ರ ಇಡೀ ಕೌದಿ ಸೊಟ್ಟಾಗತೈತಿ. ಹೊದ್ದವ್ರ ಮೈ ಮುಚ್ಚೂದಿಲ್ಲ, ಬೆಚ್ಚಗ ಆಗೂದಿಲ್ಲ. ಹೂವು ಸೊಟ್ಟ ಕಂಡ್ರ ಕಾಣಲಿ."

ಇನ್ನೊಂದು ತುಂಡನ್ನೂ ಕತ್ತರಿಯನ್ನೂ ಅವನ ಮುಂದೆ ಇಟ್ಟು, ತಾವು ಮತ್ತೆ ಸೂಜಿ ಹಿಡಿದರು.

ಚನ್ನಮಲ್ಲಪ್ಪ ಎಳೆ ತೆಗೆಯಲು ಕುಳಿತನು. ನಾಲ್ಕು ತುಂಡು ಕತ್ತರಿಸಿದನು. ಐದನೆಯದಕ್ಕೆ ಅವನ ಕೈ ನಿಂತಿತು. ಕಣ್ಣೀರು ಬರಲಿಲ್ಲ; ಅಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ನೆಲ ನೋಡುತ್ತ, "ಈ ಅಚ್ಚು ನಂದರಿ ತಾಯಿ. ತಂಗಿ ಮ್ಯಾಲ ಹಾಕಿದೆ" ಎಂದು, ನಡೆದದ್ದನ್ನೆಲ್ಲ ಹೇಳಿದನು.

ಯಾರ ಕಷ್ಟ ಕೇಳುವಾಗಲೂ ನಿಲ್ಲದ ಸೂಜಿಯನ್ನು ತಾಯಿಯವರು ಕೆಳಗಿಟ್ಟರು.

"ನನ್ನ ಮುಂದ ಹೇಳಿದ್ರ ಮುಗೀಲಿಲ್ಲಪಾ" ಎಂದರು. "ಯಾರ ಮುಂದ ಸುಳ್ಳು ಆಡಿದಿ, ಅವರ ಮುಂದ ಹೇಳು. ಮೊದಲ ಒಂದೀಟು ಉಂಡು ಹೋಗು."

ಅವನು ಮಠದ ಜೋಳದ ನುಚ್ಚು ಉಂಡನು. ಅಲ್ಲಿಂದ ನೇರವಾಗಿ ಸಾಹುಕಾರರ ಅಂಗಡಿಗೆ ನಡೆದು ನಿಜ ಹೇಳಿದನು. ಅವರು ಎದ್ದುನಿಂತು ಬೈದರು; ಇನ್ನು ಮುಂದೆ ನಿನಗೆ ಕೆಲಸವಿಲ್ಲವೆಂದರು. ಮರುದಿನ ಹಿರಿಯರು ಸೇರಿದಲ್ಲಿ ಹೋಗಿ ಹೇಳಿದನು. ಕೆಲವರು ನಕ್ಕರು, ಒಬ್ಬರು ಮುಖ ತಿರುಗಿಸಿದರು. ಮೂರನೆಯ ದಿನ ಪಟ್ಟಣಕ್ಕೆ ಹೋದನು.

ಖಾನಾವಳಿಯ ಹಿತ್ತಲಲ್ಲಿ ಕಾಶವ್ವ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದಳು. ಅವನು ಹೇಳಿದ್ದನ್ನು ತಲೆಯೆತ್ತದೆ ಕೇಳಿದಳು.

"ಹಿರೇರ ಮುಂದ ಹೇಳಿದೇನು?" ಎಂದಳು ಕೊನೆಗೆ.

"ಹೇಳಿದೆ."

"ಸಾಹುಕಾರ್ರ ಮುಂದ?"

"ಮೊದಲ ಅವರ ಮುಂದನ ಹೇಳಿದೆ. ಕೆಲಸ ಹೋತು."

ಕಾಶವ್ವ ಕೈಯಲ್ಲಿದ್ದ ತಾಟನ್ನು ತೊಳೆದು ಬದಿಗಿಟ್ಟಳು. ಮನೆಗೆ ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ. "ಭಾಳ ದಣಿದೇನಿ ಅಣ್ಣಾ" ಎಂದಳು.

ಹುಟ್ಟಿದಾಗಿನಿಂದ ತಂಗಿಗೆ ಕೆಲಸ ಹೇಳಿಯೇ ಗೊತ್ತಿದ್ದ ಚನ್ನಮಲ್ಲಪ್ಪ ಧೋತರ ಮೇಲಕ್ಕೆ ಕಟ್ಟಿ, ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತನು. ಎಂಜಲು ತಾಟುಗಳ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡು, "ನೀ ನೆರಳಿಗೆ ಕೂಡವಾ" ಎಂದನು.